ಹಬ್ಬದ ಊಟ ಮಾಡಿದ್ದಕ್ಕೆ ಪ್ರಾಯಶ್ಚಿತ್ತ ಯಾಕೆ?

ಮಾನ್ಯ ಸಂಪಾದಕರೇ,

ಹಬ್ಬ ಹತ್ತಿರ ಬಂದಾಗ ನಿಮ್ಮ ಪುರವಣಿಯಲ್ಲಿ ಬಣ್ಣಬಣ್ಣದ ಅಡುಗೆ ಪುಟ ಬರುತ್ತದೆ. ನೋಡುತ್ತಿದ್ದರೇ ಬಾಯಲ್ಲಿ ನೀರು. ಹಬ್ಬ ಮುಗಿದ ಮರುವಾರ ಅದೇ ಪುಟದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ ಹಬ್ಬದ ಬೊಜ್ಜು ಕರಗಿಸೋದು ಹೇಗೆ, ಹೊಟ್ಟೆಗೆ ಮೂರು ದಿನ ರಜೆ ಕೊಡಿ, ದೇಹದ ವಿಷ ತೆಗೆಯುವ ಜ್ಯೂಸ್ ಕುಡಿಯಿರಿ. ಮೊದಲು ತಿನ್ನಿ ತಿನ್ನಿ ಅಂತ ಆಸೆ ಹುಟ್ಟಿಸೋದು, ಆಮೇಲೆ ತಿಂದಿದ್ದಕ್ಕೆ ಬೈಯೋದು. ನಿಮ್ಮ ಪತ್ರಿಕೆ ಒಂದೇ ಅಲ್ಲ ಬಿಡಿ, ಎಲ್ಲರೂ ಹೀಗೇ. ಆದರೆ ನಾನು ದಿನಾ ಓದೋದು ನಿಮ್ಮದನ್ನ, ಅದಕ್ಕೆ ನಿಮಗೇ ಬರೆಯುತ್ತಿದ್ದೇನೆ.

ನನ್ನ ತಕರಾರು ಇಷ್ಟು. ಹಬ್ಬದಲ್ಲಿ ಜನ ಮಿತಿಮೀರಿ ತಿನ್ನೋದಕ್ಕೆ ಅಡುಗೆ ರುಚಿಯಾಗಿರೋದು ಒಂದು ಕಾರಣ ಇರಬಹುದು. ಆದರೆ ಅದಕ್ಕಿಂತ ದೊಡ್ಡ ಕಾರಣ ಆ ಊಟದ ಹಿಂದೆಮುಂದೆ ನಾವೇ ಹಾಕಿಕೊಳ್ಳುವ ಕಟ್ಟುಪಾಡು. ಹಿಂದಿನ ವಾರದಿಂದಲೇ ಹೊಟ್ಟೆ ಕಟ್ಟೋದು, ನಾಳೆಯಿಂದ ಮತ್ತೆ ಕಟ್ಟಬೇಕಲ್ಲ ಅನ್ನೋ ಸಂಕಟ. ನಡುವೆ ಸಿಕ್ಕಿದ್ದು ಒಂದೇ ದಿನ. ಇವತ್ತೇ ಎಲ್ಲಾ ತಿಂದು ಮುಗಿಸಿಬಿಡೋಣ ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ?

ನಾನು ಡಾಕ್ಟರ್ ಅಲ್ಲ, ಡಯಟೀಷಿಯನ್ನೂ ಅಲ್ಲ. ಮನೆಯಲ್ಲಿ ಹಬ್ಬಕ್ಕೆ ಅಡುಗೆ ಮಾಡಿ, ಬಡಿಸಿ, ಕೊನೆಗೆ ಪಾತ್ರೆ ತೊಳೆಯುವವರ ಪೈಕಿ. ಬಡಿಸುವವರಿಗೆ ಒಂದು ಅನುಕೂಲ ಇದೆ. ಯಾರು ಏನು ತಿನ್ನುತ್ತಾರೆ, ಯಾರು ತಿನ್ನದೆ ನೋಡುತ್ತಾ ಕೂರುತ್ತಾರೆ, ಯಾರು ಬೇಡ ಅಂದು ಆಮೇಲೆ ಅಡುಗೆಮನೆಗೆ ಬರುತ್ತಾರೆ, ಎಲ್ಲಾ ಕಾಣುತ್ತದೆ.

ಇಂಟ್ಯೂಟಿವ್ ಈಟಿಂಗ್, ಅಂದ್ರೆ ಹೊಟ್ಟೆಯ ಮಾತು ಕೇಳಿ ತಿನ್ನೋದು, ಅನ್ನೋ ಮಾತು ಈಗ ಬಹಳ ಜನರಿಗೆ ಕಿವಿಗೆ ಬಿದ್ದಿದೆ. 1995ರಲ್ಲಿ ಅಮೆರಿಕದ ಎವೆಲಿನ್ ಟ್ರಿಬೋಲಿ ಮತ್ತು ಎಲೀಸ್ ರೆಶ್ ಅನ್ನೋ ಇಬ್ಬರು ಡಯಟೀಷಿಯನ್‌ಗಳು ಈ ಹೆಸರಲ್ಲಿ ಒಂದು ಪುಸ್ತಕ ಬರೆದರು. ಜನರಿಗೆ ಡಯಟ್ ಚೀಟಿ ಬರೆದುಕೊಡೋದೇ ಅವರ ಕೆಲಸವಾಗಿತ್ತು. ಬಂದವರು ಸ್ವಲ್ಪ ದಿನ ಚೀಟಿ ಪ್ರಕಾರ ತಿಂದು ತೂಕ ಇಳಿಸುತ್ತಿದ್ದರು, ಆಮೇಲೆ ತೂಕ ವಾಪಸ್ ಬರುತ್ತಿತ್ತು, ತಪ್ಪೆಲ್ಲಾ ನಮ್ಮದೇ ಅಂತ ತಲೆ ತಗ್ಗಿಸಿಕೊಂಡು ಮತ್ತೆ ಬರುತ್ತಿದ್ದರು. ಚೀಟಿಯಲ್ಲೇ ಏನೋ ಎಡವಟ್ಟಿದೆ ಅಂತ ಇವರಿಗೆ ಅನಿಸಿತು. ಅವರು ಹತ್ತು ಸೂತ್ರ ಹೇಳಿದ್ದಾರೆ. ಹತ್ತನ್ನೂ ಇಲ್ಲಿ ಬರೆಯೋದಿಲ್ಲ. ಸಾರಾಂಶ ಏನಂದ್ರೆ ಹಸಿವಾದಾಗ ತಿನ್ನಿ, ಇಷ್ಟಪಟ್ಟು ತಿನ್ನಿ, ಸಾಕು ಅನಿಸಿದಾಗ ನಿಲ್ಲಿಸಿ, ಇದು ಒಳ್ಳೇದು ಅದು ಕೆಟ್ಟದ್ದು ಅಂತ ತಿಂಡಿಗೆ ಜಾತಿ ಕಟ್ಟಬೇಡಿ, ಬೇಜಾರಿಗೆ ಊಟವೊಂದೇ ಮದ್ದು ಅಂದುಕೊಳ್ಳಬೇಡಿ, ಇರುವ ಮೈಯನ್ನು ಮರ್ಯಾದೆಯಿಂದ ನೋಡಿಕೊಳ್ಳಿ. ಕೊನೆಯ ಸೂತ್ರ ಪೌಷ್ಟಿಕತೆಯದ್ದು. ಅದನ್ನೂ ಗಮನಿಸಿ, ಆದರೆ ಮೆಲ್ಲಗೆ, ಬೆತ್ತ ಹಿಡಿದುಕೊಂಡು ಅಲ್ಲ ಅಂತಾರೆ.

ಇದನ್ನು ಕೇಳಿದ ತಕ್ಷಣ ಕೆಲವರು 'ಓಹೋ, ಬೇಕಾದ್ದನ್ನ ಬೇಕಾದಷ್ಟು ತಿನ್ನಿ ಅಂತಾಯ್ತಲ್ಲ' ಅಂತ ನಗುತ್ತಾರೆ. ಹಾಗಲ್ಲ. ಬೇಕಾದಷ್ಟು ಅನ್ನೋದು ಎಷ್ಟು ಅಂತ ಕೇಳಿಕೊಳ್ಳೋದೇ ಇಲ್ಲಿ ಕಷ್ಟದ ಭಾಗ. ಹಬ್ಬದ ದಿನ ಇನ್ನೂ ಕಷ್ಟ.

ಬೆಳಗ್ಗಿನಿಂದಲೇ ನೋಡಿ. ಮಧ್ಯಾಹ್ನ ಭರ್ಜರಿ ಊಟ ಇದೆ, ಅದಕ್ಕೆ ಜಾಗ ಇರಲಿ ಅಂತ ತಿಂಡಿ ಬಿಡುತ್ತಾರೆ. ಭಕ್ತಿಯಿಂದ ಮಾಡುವ ಉಪವಾಸದ ಮಾತಲ್ಲ ಇದು, ಅದು ಬೇರೆ. ಇದು ಬರೀ ಕ್ಯಾಲೊರಿ ಉಳಿಸುವ ಲೆಕ್ಕಾಚಾರ. ಹಬ್ಬದ ಮನೆಯಲ್ಲಿ ಊಟ ಹೇಳಿದ ಹೊತ್ತಿಗೆ ಆಗೋದುಂಟಾ? ಹನ್ನೆರಡೂವರೆ ಅಂದದ್ದು ಎರಡೂವರೆ ಆಗುತ್ತದೆ. ಅಷ್ಟು ಹೊತ್ತಿಗೆ ಕೈ ನಡುಗುತ್ತಿರುತ್ತದೆ, ಮೂಗಿನ ತುದಿಯಲ್ಲಿ ಕೋಪ, ಮಕ್ಕಳ ಮೇಲೆ ಕೂಗಾಟ. ತಟ್ಟೆ ಮುಂದೆ ಬಂದ ಮೇಲೆ ಮೊದಲ ಹತ್ತು ತುತ್ತು ಹೇಗೆ ಒಳಗೆ ಹೋಯಿತು ಅಂತಲೇ ಗೊತ್ತಾಗೋದಿಲ್ಲ. ರುಚಿ ಕೇಳಿದರೆ ಹೇಳಲಾರರು. ಅಡುಗೆ ಮಾಡಿದವರಿಗೆ ಇದಕ್ಕಿಂತ ಬೇಜಾರು ಬೇರೆ ಇಲ್ಲ ನೋಡಿ. ನಾಲ್ಕು ಗಂಟೆ ಒಲೆ ಮುಂದೆ ನಿಂತು ಮಾಡಿದ್ದು ನಾಲಿಗೆ ಮೇಲೆ ಒಂದು ಕ್ಷಣವೂ ನಿಲ್ಲದೆ ಹೋಗಿರುತ್ತದೆ.

ಇದರಲ್ಲಿ ಮನಸ್ಸಿನ ದೌರ್ಬಲ್ಯ ಏನೂ ಇಲ್ಲ, ಮೈ ಕೆಲಸ ಮಾಡುವ ರೀತಿಯೇ ಹಾಗೆ. ಹೊಟ್ಟೆ ಖಾಲಿಯಾದಾಗ ಅಲ್ಲಿಂದ ಗ್ರೆಲಿನ್ ಅನ್ನೋ ಹಾರ್ಮೋನ್ ಹೊರಡುತ್ತದೆ, ಮೆದುಳಿಗೆ ಹಸಿವಿನ ಸುದ್ದಿ ಮುಟ್ಟಿಸುತ್ತದೆ. ಜಪಾನಿನ ವಿಜ್ಞಾನಿಗಳು ಇದನ್ನು 1999ರಲ್ಲಿ ಕಂಡುಹಿಡಿದರು. ಸಾಕು ಅನ್ನೋ ಸುದ್ದಿ ಮಾತ್ರ ಇಷ್ಟು ಬೇಗ ಬರೋದಿಲ್ಲ. ಹೊಟ್ಟೆ ಹಿಗ್ಗಿದ್ದು ನರಗಳ ಮೂಲಕ ಮೇಲೆ ಹೋಗಬೇಕು, ಕರುಳಿನಿಂದ ಬೇರೆ ಹಾರ್ಮೋನ್‌ಗಳು ಬರಬೇಕು. ಸಾಮಾನ್ಯವಾಗಿ ಇಪ್ಪತ್ತು ನಿಮಿಷ ಅಂತ ಹೇಳುತ್ತಾರೆ. ತೀರಾ ಹಸಿದವರು ಇಪ್ಪತ್ತು ನಿಮಿಷದಲ್ಲಿ ಎರಡು ಊಟ ಮುಗಿಸಬಲ್ಲರು.

ಹಸಿವು ಮನುಷ್ಯನಿಗೆ ಏನು ಮಾಡುತ್ತದೆ ಅಂತ ತಿಳಿಯಲು ಒಂದು ದೊಡ್ಡ ಪ್ರಯೋಗವೇ ನಡೆದಿದೆ. ಎರಡನೇ ಮಹಾಯುದ್ಧದ ಕೊನೆಯ ಕಾಲ, 1944-45. ಯುದ್ಧದಿಂದ ಹಸಿದು ಕಂಗಾಲಾದ ಜನರಿಗೆ ಮತ್ತೆ ಹೇಗೆ ಊಟ ಕೊಟ್ಟು ಚೇತರಿಸಿಕೊಳ್ಳುವಂತೆ ಮಾಡೋದು ಅನ್ನೋದು ಪ್ರಶ್ನೆ. ಅಮೆರಿಕದ ಮಿನ್ನೆಸೊಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನೋ ವಿಜ್ಞಾನಿ 36 ಗಂಡಸರನ್ನು ಇಟ್ಟುಕೊಂಡರು. ಮನಸ್ಸಾಕ್ಷಿ ಒಪ್ಪೋದಿಲ್ಲ, ಯುದ್ಧಕ್ಕೆ ಹೋಗಲಾರೆವು, ಬದಲಿಗೆ ಈ ಸೇವೆ ಮಾಡುತ್ತೇವೆ ಅಂತ ತಾವಾಗಿ ಬಂದವರು ಅವರು. ಗಟ್ಟಿಮುಟ್ಟಾದ ಹುಡುಗರು. ಆರು ತಿಂಗಳು ಅವರಿಗೆ ಅರೆಹೊಟ್ಟೆ ಊಟ. ದಿನಕ್ಕೆ ಸುಮಾರು 1,570 ಕ್ಯಾಲೊರಿ. ಇವತ್ತಿನ ಎಷ್ಟೋ ಡಯಟ್ ಚೀಟಿಗಳಲ್ಲಿ ಇದಕ್ಕಿಂತ ಕಡಿಮೆ ಇರುತ್ತದೆ, ಸುಮ್ನೆ ಒಮ್ಮೆ ಹೋಲಿಸಿ ನೋಡಿ. ಆ ಹುಡುಗರು ವಾರಕ್ಕೆ ಮೂವತ್ತು ಮೂವತ್ತೈದು ಕಿಲೋಮೀಟರ್ ನಡೆಯುತ್ತಲೂ ಇದ್ದರು ಅನ್ನೋದನ್ನೂ ಸೇರಿಸಿಕೊಳ್ಳಬೇಕು. ತೂಕದಲ್ಲಿ ಕಾಲು ಭಾಗ ಇಳಿಯಿತು. ಅದಕ್ಕಿಂತ ವಿಚಿತ್ರ ಅಂದ್ರೆ ಅವರ ತಲೆಯಲ್ಲಿ ಊಟ ಬಿಟ್ಟು ಬೇರೆ ಏನೂ ಉಳಿಯಲಿಲ್ಲ. ಅಡುಗೆ ಪುಸ್ತಕ ಓದುತ್ತಾ ಕೂರುತ್ತಿದ್ದರು, ಮಾಡುವ ವಿಧಾನಗಳನ್ನು ಬರೆದಿಟ್ಟುಕೊಳ್ಳುತ್ತಿದ್ದರು, ಇದ್ದ ಒಂದು ಹಿಡಿ ಊಟವನ್ನು ಗಂಟೆಗಟ್ಟಲೆ ಎಳೆಯುತ್ತಿದ್ದರು, ತಟ್ಟೆ ನೆಕ್ಕುತ್ತಿದ್ದರು. ಪ್ರಯೋಗ ಮುಗಿದು ಬೇಕಾದಷ್ಟು ತಿನ್ನಬಹುದು ಅಂತಾದ ಮೇಲೆ ಕೆಲವರು ಹೊಟ್ಟೆ ಬಿರಿಯುವಷ್ಟು ತಿಂದರೂ ಹಸಿವು ಹೋಗಲಿಲ್ಲ ಅಂದರು. ಅವರು ಯಾರೂ ಮೊದಲು ಹೊಟ್ಟೆಬಾಕರಾಗಿರಲಿಲ್ಲ. ಮಾಡಿದ್ದು ಹಸಿವು.

ಹಬ್ಬಕ್ಕೆ ಮುಂಚೆ ಒಂದು ವಾರ ಹೊಟ್ಟೆ ಕಟ್ಟೋದು ಆರು ತಿಂಗಳ ಅರೆಹೊಟ್ಟೆಗೆ ಸಮ ಅಂತ ನಾನು ಹೇಳುತ್ತಿಲ್ಲ. ಆದರೆ ಡಯಟ್ ಮಾಡುವವರು ಬೇರೆಯವರ ತಟ್ಟೆ ನೋಡುವ ರೀತಿ, ಅಡುಗೆ ವಿಡಿಯೋ ಒಂದಾದ ಮೇಲೆ ಒಂದು ನೋಡುವ ರೀತಿ ನೋಡಿದಾಗ ನನಗೆ ಆ ಹುಡುಗರ ನೆನಪು ಬರುತ್ತದೆ.

ಇನ್ನೊಂದು ಪ್ರಯೋಗ ಇದಕ್ಕಿಂತ ಚಿಕ್ಕದು, ಹಬ್ಬದ ಮನೆಗೆ ಇನ್ನೂ ಹತ್ತಿರದ್ದು. 1975ರಲ್ಲಿ ಹರ್ಮನ್ ಮತ್ತು ಮ್ಯಾಕ್ ಅನ್ನೋ ಮನಶ್ಶಾಸ್ತ್ರಜ್ಞರು ಕೆಲವು ವಿದ್ಯಾರ್ಥಿನಿಯರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿದರು, ಆಮೇಲೆ ಐಸ್‌ಕ್ರೀಮ್ ಮುಂದಿಟ್ಟು ರುಚಿ ಹೇಳಿ, ಎಷ್ಟು ಬೇಕಾದರೂ ತಿನ್ನಿ ಅಂದರು. ಮಾಮೂಲಿಯಾಗಿ ತಿನ್ನುವ ಹುಡುಗಿಯರು ಮಿಲ್ಕ್‌ಶೇಕ್ ಕುಡಿದಿದ್ದರಿಂದ ಐಸ್‌ಕ್ರೀಮ್ ಕಡಿಮೆ ತಿಂದರು. ಸಹಜ. ಆದರೆ ಸದಾ ಬಾಯಿ ಕಟ್ಟುವ ಹುಡುಗಿಯರು ಮಿಲ್ಕ್‌ಶೇಕ್ ಕುಡಿದ ಮೇಲೆ ಐಸ್‌ಕ್ರೀಮನ್ನು ಇನ್ನೂ ಜಾಸ್ತಿ ತಿಂದರು. ಹೇಗೂ ಇವತ್ತು ಪಥ್ಯ ಕೆಟ್ಟಿತು, ಇನ್ನು ಎಷ್ಟು ತಿಂದರೇನು ಅಂತ.

ಈ 'ಹೇಗೂ ಕೆಟ್ಟಿತು' ಅನ್ನೋದನ್ನ ನಾನು ಎಷ್ಟು ಸಲ ನೋಡಿದ್ದೇನೆ. ಪಂಕ್ತಿಯಲ್ಲಿ ಎಲ್ಲರ ಎದುರು 'ನನಗೆ ಸಿಹಿ ಬೇಡಪ್ಪ, ಬಿಟ್ಟುಬಿಟ್ಟಿದ್ದೀನಿ' ಅಂತ ಕೈ ಅಡ್ಡ ಇಟ್ಟವರೇ ರಾತ್ರಿ ಎಲ್ಲರೂ ಮಲಗಿದ ಮೇಲೆ ಫ್ರಿಜ್ ಬಾಗಿಲು ತೆರೆದು ನಿಂತಿರುತ್ತಾರೆ. ಲೈಟ್ ಹಾಕೋದಿಲ್ಲ. ತಟ್ಟೆಗೆ ಹಾಕಿಕೊಳ್ಳೋದಿಲ್ಲ, ತಟ್ಟೆಗೆ ಹಾಕಿದರೆ ತಿಂದ ಹಾಗಾಗುತ್ತಲ್ಲ. ಡಬ್ಬದ ಮುಚ್ಚಳ ಅರ್ಧ ಸರಿಸಿ, ಅಂಚಿನಿಂದ ಒಂದು ಚೂರು ಮುರಿಯೋದು. ಅಂಚು ಸೊಟ್ಟಗಾಯಿತು ಅಂತ ಸರಿಮಾಡಲು ಇನ್ನೊಂದು ಚೂರು. ಯಾರೋ ನೀರು ಕುಡಿಯಲು ಎದ್ದ ಸದ್ದಾದರೆ ಬಾಯಲ್ಲಿದ್ದದ್ದನ್ನು ಅಗಿಯದೆ ನುಂಗೋದು. ತಣ್ಣಗಿನ ಸಿಹಿ, ನಿಂತುಕೊಂಡು, ಕತ್ತಲಲ್ಲಿ, ಕಳ್ಳರ ಹಾಗೆ. ಮಧ್ಯಾಹ್ನ ಬಿಸಿಬಿಸಿಯಾಗಿ ನಾಲ್ಕು ಜನರ ಜೊತೆ ಕೂತು ಒಂದು ತಿಂದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಅಷ್ಟೇ ಅಲ್ಲ, ರಾತ್ರಿಯ ಚೂರುಗಳನ್ನೆಲ್ಲಾ ಕೂಡಿಸಿದರೆ ಒಂದಕ್ಕಿಂತ ಜಾಸ್ತಿಯೇ ಆಗಿರುತ್ತದೆ.

ಹಾಗಾದರೆ ಹಬ್ಬದ ತಟ್ಟೆ ಮುಂದೆ ಹೇಗೆ ಕೂರಬೇಕು? ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ. ಬೆಳಗ್ಗೆ ತಿಂಡಿ ತಿನ್ನಿ, ದಿನಾ ತಿನ್ನುವಷ್ಟೇ. ಊಟದ ಹೊತ್ತಿಗೆ ಚೆನ್ನಾಗಿ ಹಸಿದಿರಬೇಕು, ಆದರೆ ತಲೆ ಸುತ್ತುವಷ್ಟಲ್ಲ. ಮೊದಲು ಏನೇನಿದೆ ಅಂತ ಪೂರ್ತಿ ನೋಡಿ. ಹಬ್ಬಕ್ಕೆ ಮಾತ್ರ ಮಾಡೋದು ಯಾವುದು, ನಾಡಿದ್ದು ಅಂಗಡಿಯಲ್ಲೂ ಸಿಗೋದು ಯಾವುದು ಅಂತ ನಿಮಗೇ ಗೊತ್ತಾಗುತ್ತದೆ. ಎಲ್ಲವನ್ನೂ ತಿನ್ನಲೇಬೇಕು ಅಂತ ಯಾರೂ ಸಹಿ ಹಾಕಿಸಿಕೊಂಡಿಲ್ಲ. ನಿಜವಾಗಿ ಆಸೆ ಇರೋದನ್ನ ಮೊದಲು ಹಾಕಿಸಿಕೊಳ್ಳಿ. ಕೊನೆಗೆ ಇರಲಿ ಅಂತ ಇಟ್ಟುಕೊಂಡರೆ ಅದು ಬರುವ ಹೊತ್ತಿಗೆ ಹೊಟ್ಟೆ ತುಂಬಿರುತ್ತದೆ, ಆದರೂ ಬಿಡೋಕೆ ಮನಸ್ಸಾಗದೆ ತಿನ್ನುತ್ತೀರಿ.

ರುಚಿಯ ವಿಷಯದಲ್ಲಿ ಒಂದು ತಮಾಷೆ ಇದೆ. ಯಾವುದೇ ತಿಂಡಿಯ ಮೊದಲ ಎರಡು ಮೂರು ತುತ್ತಿನಲ್ಲಿ ಇರುವ ಸುಖ ಏಳನೇ ತುತ್ತಿನಲ್ಲಿ ಇರೋದಿಲ್ಲ. ತಿನ್ನುತ್ತಾ ಹೋದ ಹಾಗೆ ಆ ರುಚಿಯ ಮೇಲೆ ಮಾತ್ರ ಆಸೆ ಕುಗ್ಗುತ್ತದೆ, ಬೇರೆ ರುಚಿ ಬಂದರೆ ಮತ್ತೆ ಚಿಗುರುತ್ತದೆ. ವಿಜ್ಞಾನಿಗಳು ಇದನ್ನು 1980ರ ದಶಕದ ಮೊದಲಿನಿಂದ ಚೆನ್ನಾಗಿ ಅಳೆದು ನೋಡಿದ್ದಾರೆ. ಖಾರದ್ದು ಇನ್ನು ಒಂದು ತುತ್ತೂ ಬೇಡ ಅಂದವರು ಸಿಹಿ ಬಂದ ಕೂಡಲೇ ನೆಟ್ಟಗೆ ಕೂರೋದು ಇದಕ್ಕೇ. ನಾಟಕವಲ್ಲ ಅದು. ಹಬ್ಬದ ದಿನ ಹತ್ತು ಬಗೆ ಇರೋದರಿಂದ ಆಸೆ ಹತ್ತು ಸಲ ಚಿಗುರುತ್ತದೆ. ಇದು ಗೊತ್ತಿದ್ದರೆ ಎರಡು ಲಾಭ. ಜಾಸ್ತಿ ತಿಂದೆನಲ್ಲ ಅಂತ ನಿಮ್ಮನ್ನು ನೀವೇ ಹಳಿದುಕೊಳ್ಳೋದು ತಪ್ಪುತ್ತದೆ. ಮತ್ತೆ, ಒಂದು ತಿಂಡಿಯ ರುಚಿ ಮಂಕಾಯಿತು ಅನಿಸಿದ ಜಾಗದಲ್ಲೇ ಅದನ್ನು ಬಿಡಬಹುದು. ಊಟದ ನಡುವೆ ಒಂದು ಸಲ ಕೈ ಎತ್ತಿ, ಪಕ್ಕದವರ ಜೊತೆ ನಾಲ್ಕು ಮಾತಾಡಿ, ಇನ್ನೂ ರುಚಿ ಇದೆಯಾ, ಹೊಟ್ಟೆ ಏನನ್ನುತ್ತಿದೆ ಅಂತ ಕೇಳಿಕೊಂಡರೆ ಸಾಕು. ಉಳಿದದ್ದು ನಾಳೆಗೂ ಇರುತ್ತದೆ. ನಾಳೆಯೂ ತಿನ್ನಬಹುದು ಅನ್ನೋ ನಂಬಿಕೆ ಇದ್ದವರಿಗೆ ಇವತ್ತು ಬಿಡೋದು ಸುಲಭ. ನಾಳೆಯಿಂದ ಜ್ಯೂಸ್ ಅಂತ ಹೆದರಿಸಿಟ್ಟವರಿಗೆ ಸುಲಭವಲ್ಲ.

ಅಷ್ಟಾಗಿಯೂ ಜಾಸ್ತಿ ತಿಂದುಬಿಟ್ಟರೆ? ತಿಂದಾಯ್ತು. ಒಂದಷ್ಟು ಹೊತ್ತು ಹೊಟ್ಟೆ ಭಾರ ಇರುತ್ತದೆ. ಮುಂದಿನ ಊಟಕ್ಕೆ ಹಸಿವು ತಡವಾಗಿ ಬರುತ್ತದೆ, ಬಂದಾಗ ತಿನ್ನೋದು. ಈ ದೇಹದ ವಿಷ ತೆಗೆಯುವ ಕೆಲಸಕ್ಕೆ ಲಿವರ್, ಕಿಡ್ನಿ ಎರಡೂ ಹಗಲುರಾತ್ರಿ ಇದ್ದೇ ಇವೆ, ಅವಕ್ಕೆ ಪುರವಣಿಯ ಜ್ಯೂಸ್ ಬೇಕಿಲ್ಲ.

ಇನ್ನು ಪಕ್ಕದಲ್ಲಿ ಕೂತವರ ಬಾಯಿ. ಹಬ್ಬದ ಊಟದ ಅರ್ಧ ಕಷ್ಟ ಇಲ್ಲೇ ಇರೋದು. ಒಬ್ಬರು 'ಏನಿದು, ಇಷ್ಟೇನಾ, ನಾಚಿಕೆ ಮಾಡ್ಕೋಬೇಡ' ಅಂತ ಬೇಡ ಅಂದರೂ ಸುರಿಯುತ್ತಾರೆ. ಅವರ ಎದುರೇ ಕೂತ ಇನ್ನೊಬ್ಬರು 'ಹೋದ ಸಲಕ್ಕಿಂತ ಸ್ವಲ್ಪ ತುಂಬಿಕೊಂಡಿದ್ದೀಯಲ್ಲೇ' ಅಂತಾರೆ. ಎರಡೂ ಒಂದೇ ಹುಡುಗಿಗೆ, ಒಂದೇ ನಿಮಿಷದಲ್ಲಿ! ಇಬ್ಬರೂ ಪ್ರೀತಿಯಿಂದಲೇ ಹೇಳಿದ್ದು ಅಂತ ಆಮೇಲೆ ಸಮಜಾಯಿಷಿ ಬರುತ್ತದೆ. ಇರಬಹುದು. ಆದರೆ ಆ ಹುಡುಗಿ ಅಲ್ಲಿಂದ ಮುಂದೆ ತನ್ನ ಹೊಟ್ಟೆಯ ಮಾತು ಕೇಳೋದಿಲ್ಲ, ಇವರಿಬ್ಬರ ಮುಖ ನೋಡುತ್ತಾ ತಿನ್ನುತ್ತಾಳೆ. ಬಡಿಸುವವರು ಒಂದು ಸಲ ಕೇಳಬೇಕು. ಸಾಕು ಅಂದರೆ ಪಾತ್ರೆ ಎತ್ತಿಕೊಂಡು ಮುಂದೆ ಹೋಗಬೇಕು. ಬಡಿಸಿಕೊಳ್ಳುವವರಿಗೂ ಒಂದು ಮಾತು. ಡಯಟ್, ಶುಗರ್, ತೂಕ ಅಂತ ಕಾರಣ ಕೊಟ್ಟರೆ ಅದರ ಮೇಲೆ ಅರ್ಧ ಗಂಟೆ ಚರ್ಚೆ ಶುರುವಾಗುತ್ತದೆ. 'ತುಂಬಾ ಚೆನ್ನಾಗಿತ್ತು ಅತ್ತೆ, ಹೊಟ್ಟೆ ತುಂಬಿತು, ಸ್ವಲ್ಪ ಕಟ್ಟಿಕೊಡಿ ಮನೆಗೆ ಒಯ್ಯುತ್ತೇನೆ' ಅಂದುನೋಡಿ. ಹೆಚ್ಚಿನ ಅತ್ತೆಯಂದಿರು ಕರಗುತ್ತಾರೆ.

ಮಕ್ಕಳ ವಿಷಯದಲ್ಲಿ ನಾವು ಇನ್ನೂ ಎಡವುತ್ತೇವೆ. ಎಲ್ಲಾ ಖಾಲಿ ಮಾಡಿದರೆ ಮಾತ್ರ ಸಿಹಿ ಅಂತೀವಿ. ಊಟ ಅನ್ನೋದು ಶಿಕ್ಷೆ, ಸಿಹಿ ಅನ್ನೋದು ಬಹುಮಾನ ಅಂತ ಅವಕ್ಕೆ ಅರ್ಥವಾಗುತ್ತದೆ. ಕಣ್ಣೆದುರೇ ಇಟ್ಟು ಮುಟ್ಟಬೇಡ ಅಂದ ತಿಂಡಿಯ ಮೇಲೆ ಮಕ್ಕಳಿಗೆ ಆಸೆ ಹೆಚ್ಚಾಗುತ್ತದೆ ಅಂತ ಫಿಶರ್ ಮತ್ತು ಬರ್ಚ್ ಅನ್ನೋ ಸಂಶೋಧಕಿಯರು 1999ರಲ್ಲೇ ತೋರಿಸಿದ್ದಾರೆ. ಎಲ್ಲಿನ್ ಸ್ಯಾಟರ್ ಅನ್ನೋ ಇನ್ನೊಬ್ಬ ಡಯಟೀಷಿಯನ್ ಹೇಳುವ ಸೂತ್ರ ನನಗೆ ಹಿಡಿಸಿತು. ಏನು, ಯಾವಾಗ, ಎಲ್ಲಿ ಅನ್ನೋದು ದೊಡ್ಡವರ ಜವಾಬ್ದಾರಿ, ತಿನ್ನಬೇಕೋ ಬೇಡವೋ, ಎಷ್ಟು ಅನ್ನೋದು ಮಗುವಿನದು. ಕೇಳೋಕೆ ಸುಲಭ. ನೆಂಟರ ಎದುರು ಮಗು ಎರಡು ತುತ್ತು ತಿಂದು ಎದ್ದು ಓಡಿದಾಗ ಸುಮ್ಮನೆ ಇರೋದಿದೆಯಲ್ಲ, ಅದು ಕಷ್ಟ.

ತೂಕದ ಮಾತು ಎತ್ತದೆ ಮುಗಿಸಿದರೆ ನುಣುಚಿಕೊಂಡೆ ಅನ್ನುತ್ತೀರಿ. ಅಮೆರಿಕದಲ್ಲಿ 195 ಜನರನ್ನು ವರ್ಷಾಂತ್ಯದ ರಜೆಗಳ ಹಿಂದೆಮುಂದೆ ತೂಗಿ ನೋಡಿದ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. ಹಬ್ಬದ ವಾರಗಳಲ್ಲಿ ಸರಾಸರಿ ಏರಿದ್ದು 0.37 ಕೆಜಿ. ಅರ್ಧ ಕೆಜಿಯೂ ಇಲ್ಲ. 2.3 ಕೆಜಿ ಅಥವಾ ಅದಕ್ಕಿಂತ ಜಾಸ್ತಿ ಏರಿದವರು ಹತ್ತರಲ್ಲಿ ಒಬ್ಬರಿಗಿಂತ ಕಡಿಮೆ. ಆದರೆ ಅವರನ್ನೇ ಕೇಳಿದಾಗ ಇದಕ್ಕಿಂತ ಎಷ್ಟೋ ಜಾಸ್ತಿ ಏರಿದ್ದೇವೆ ಅಂದಿದ್ದರು. ನಿಮ್ಮ ಪುಟಗಳು ಹುಟ್ಟಿಸುವ ಗಾಬರಿ ಇದೇ. ಆ ಅಧ್ಯಯನದ ಇನ್ನೊಂದು ಮುಖವನ್ನೂ ಹೇಳಬೇಕು. ಹಾಗೆ ಏರಿದ ಸ್ವಲ್ಪ ತೂಕ ಮುಂದಿನ ತಿಂಗಳುಗಳಲ್ಲಿ ಇಳಿಯಲಿಲ್ಲ. ವರ್ಷ ವರ್ಷ ಸೇರಿದರೆ ಲೆಕ್ಕಕ್ಕೆ ಬರುತ್ತದೆ, ಒಪ್ಪಿದೆ. ಅದಕ್ಕೂ ಮೂರು ದಿನದ ಜ್ಯೂಸ್ ಉತ್ತರ ಅಲ್ಲ. ಉಳಿದ ದಿನಗಳಲ್ಲಿ ಹೇಗೆ ತಿನ್ನುತ್ತೇವೆ, ಎಷ್ಟು ಓಡಾಡುತ್ತೇವೆ, ಎಷ್ಟು ನಿದ್ದೆ ಮಾಡುತ್ತೇವೆ ಅನ್ನೋದರಲ್ಲಿ ಉತ್ತರ ಇದೆ. ಇಂಟ್ಯೂಟಿವ್ ಈಟಿಂಗ್ ಕೂಡ ತೂಕ ಇಳಿಸುವ ಉಪಾಯ ಅಲ್ಲ. ಹಾಗಂತ ಮಾರುವವರು ಸಿಕ್ಕರೆ ದೂರ ಇರಿ.

ಎಲ್ಲರಿಗೂ ಇದು ಒಂದೇ ಥರ ಹೊಂದೋದೂ ಇಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಊಟದ ಹೊತ್ತು, ಪ್ರಮಾಣ ನೋಡಲೇಬೇಕು. ಕಿಡ್ನಿ ತೊಂದರೆ ಇದ್ದವರು ಉಪ್ಪಿನ ವಿಷಯದಲ್ಲಿ, ಅಲರ್ಜಿ ಇದ್ದವರು ಒಂದೊಂದು ಪದಾರ್ಥದ ವಿಷಯದಲ್ಲಿ ಡಾಕ್ಟರ್ ಮಾತು ಕೇಳಬೇಕು, ಹೊಟ್ಟೆಯ ಮಾತನ್ನಲ್ಲ. ತಿಂದು ಬಲವಂತವಾಗಿ ವಾಂತಿ ಮಾಡುವವರು, ಊಟವನ್ನೇ ಬಿಟ್ಟವರು, ಹಸಿವೇ ಗೊತ್ತಾಗದ ಸ್ಥಿತಿಗೆ ಹೋದವರು ಪತ್ರಿಕೆ ಓದಿ ಸರಿಯಾಗೋದಿಲ್ಲ. ಅವರಿಗೆ ತಜ್ಞರ ಸಹಾಯ ಬೇಕು. ಹಬ್ಬದ ಮರುವಾರದ ಪುಟಗಳು ಅತಿ ಹೆಚ್ಚು ನೋಯಿಸೋದು ಇವರನ್ನೇ.

ಹಾಗಾಗಿ ನನ್ನ ಕೋರಿಕೆ. ಮುಂದಿನ ಹಬ್ಬದ ಅಡುಗೆ ಪುಟ ಧಾರಾಳವಾಗಿ ಬರಲಿ, ಫೋಟೊ ಇನ್ನೂ ದೊಡ್ಡದಿರಲಿ. ಮರುವಾರ ಆ ಬೊಜ್ಜಿನ ಪುಟದ ಬದಲು ಉಳಿದ ಅಡುಗೆಯನ್ನು ಕೆಡದ ಹಾಗೆ ಎಷ್ಟು ದಿನ ಇಡಬಹುದು, ಯಾವುದನ್ನು ಮತ್ತೆ ಬಿಸಿ ಮಾಡಬಾರದು ಅಂತ ಬರೆಸಿ. ಸಕ್ಕರೆ ಕಾಯಿಲೆ ಇದ್ದವರು ಹಬ್ಬದ ಊಟಕ್ಕೆ ಹೇಗೆ ತಯಾರಾಗಬೇಕು ಅಂತ ಒಬ್ಬ ಡಾಕ್ಟರ್ ಹತ್ತಿರ ಹಬ್ಬಕ್ಕೆ ಮುಂಚೆಯೇ ಬರೆಸಿ, ಆಮೇಲಲ್ಲ. ಜ್ಯೂಸ್ ಜಾಹೀರಾತು ಬಂದರೆ ಅದನ್ನು ಜಾಹೀರಾತು ಅಂತಲೇ ಹಾಕಿ, ಲೇಖನದ ವೇಷ ಬೇಡ.

ಇಂತಿ,
ನಿಮ್ಮ ಹಳೆಯ ಓದುಗರಲ್ಲೊಬ್ಬರು